ನಾಲ್ಕು ಸಿಲಿಂಡರ್, ಇಬ್ಬರು ಅಳಿಯಂದಿರು

"ಈ ಸಲ ಲೋಟದಿಂದ ಒಂದೇ ಒಂದು ಹನಿ ನೀರು ಚೆಲ್ಲಿದ್ರೂ ನಾನು ಮೀಸೆ ಬೋಳಿಸ್ಕೊಳ್ತೀನಿ!" ಎಂದು ಗ್ರಂಥಪಾಲಕರು ಮೇಜು ಗುದ್ದಿ ಶಪಥ ಮಾಡಿದರು.

"ಇಲ್ಲದಿರೋ ಮೀಸೇನ ಹೇಗೆ ಬೋಳಿಸ್ತೀರಿ?" ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಹೆಂಡತಿ ಕೇಳಿದಳು.

"ಬೆಳೆಸಿ ಬೋಳಿಸ್ತೀನಿ!"

"ಅಷ್ಟು ಹೊತ್ತಿಗೆ ಇನ್ನೊಂದು ಶಪಥ ಮಾಡಿರ್ತೀರಿ, ಬಿಡಿ."

ಲೋಟದ ವಿಷಯ ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಸಾವಿರಾರು ಪುಸ್ತಕಗಳ ನಡುವೆ ಬಾಳುವ ಒಬ್ಬ ಗಂಭೀರ ಮನುಷ್ಯ ಒಂದು ಲೋಟ ನೀರಿಗಾಗಿ ಮೀಸೆ ಪಣಕ್ಕಿಟ್ಟದ್ದು ನಿಮಗೆ ಹುಚ್ಚಾಟವಾಗಿ ಕಂಡೀತು. ಹುಚ್ಚಾಟವೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಹುಚ್ಚಿಗೆ ಒಂದು ಕಾರಣವಿತ್ತು, ಆ ಕಾರಣಕ್ಕೆ ನಾಲ್ಕು ಚಕ್ರಗಳಿದ್ದವು.

ಗ್ರಂಥಪಾಲಕರ ಮಾವನವರು ಊರಿಗೆ ನೀರು ಹತ್ತಿಸುವ ಪಂಪ್‌ಹೌಸಿನಲ್ಲಿ ಜೀವಮಾನವೆಲ್ಲ ಇಂಜಿನ್ನುಗಳ ಜೊತೆ ಕಳೆದವರು. ಮನುಷ್ಯರ ಮಾತು ಅವರಿಗೆ ಒಂದು ಕಿವಿಯಲ್ಲಿ ಅರ್ಧಂಬರ್ಧ ಕೇಳುತ್ತಿತ್ತು. ಇಂಜಿನ್ನಿನ ಮಾತು ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಅವರ ಹತ್ತಿರ ಒಂದು ಹಳೆಯ ಕಾರು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ನಿನದು, ಕಾರಿನೊಳಗೆ ಕಂಪ್ಯೂಟರ್ ಹೊಕ್ಕುವ ಮೊದಲಿನ ಕಾಲದ್ದು. ಕಾರ್ಬುರೇಟರ್ ಹದವಾಗಿ ಪೆಟ್ರೋಲಿಗೆ ಗಾಳಿ ಬೆರೆಸಬೇಕು, ಪ್ಲಗ್ಗುಗಳು ಸಮಯಕ್ಕೆ ಸರಿಯಾಗಿ ಕಿಡಿ ಹಾರಿಸಬೇಕು, ನಾಲ್ಕು ಪಿಸ್ಟನ್ನುಗಳು ಕೂಡುಕುಟುಂಬದ ಅಣ್ಣತಮ್ಮಂದಿರಂತೆ ಹೊಂದಿಕೊಂಡು ದುಡಿಯಬೇಕು. ಒಬ್ಬ ಮುನಿಸಿಕೊಂಡರೂ ಮನೆ ಪೂರ್ತಿ ಗಡಗಡ ನಡುಗುತ್ತದೆ.

ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟ ಮೇಲೆ ಮಾವನವರು ಕಾರನ್ನು ಮಾರಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಒಂದು ಕಾರು. "ಅರ್ಧ ವರ್ಷ ದೊಡ್ಡಳಿಯಂದ್ರು, ಅರ್ಧ ವರ್ಷ ಚಿಕ್ಕಳಿಯಂದ್ರು" ಎಂದು ಸರದಿ ಮಾಡಿದರು. ಸರದಿ ಮುಗಿದಾಗಲೆಲ್ಲ ಒಂದು ಪರೀಕ್ಷೆ. ಬಾನೆಟ್ ಎತ್ತಿ, ಓಡುತ್ತಿರುವ ಇಂಜಿನ್ನಿನ ನೆತ್ತಿಯ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಡುವುದು. ಇಂಜಿನ್ ಹದವಾಗಿದ್ದರೆ ನೀರು ಅಲುಗುವುದಿಲ್ಲ. ಹದ ತಪ್ಪಿದ್ದರೆ ಲೋಟ ಕುಣಿಯುತ್ತದೆ.

ಚಿಕ್ಕಳಿಯ, ಅಂದರೆ ಗ್ರಂಥಪಾಲಕರ ಷಡ್ಡಕ, ಹಲ್ಲಿನ ಡಾಕ್ಟರು. ಅವರ ಸರದಿ ಮುಗಿದಾಗ ಲೋಟದ ನೀರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು! ಮಾವನವರು ಕಣ್ಣು ಮುಚ್ಚಿ ಕೇಳಿ "ಹೂಂ" ಎನ್ನುತ್ತಿದ್ದರು. ಅವರ ಬಾಯಲ್ಲಿ "ಹೂಂ" ಎಂದರೆ ಬೇರೆಯವರ ಬಾಯಲ್ಲಿ ಹಾರ, ಶಾಲು, ಸನ್ಮಾನ ಸಮಾರಂಭ. ಗ್ರಂಥಪಾಲಕರ ಸರದಿ ಮುಗಿದಾಗ ಮಾತ್ರ ಲೋಟ ತೂರಾಡಿ, ಕಾರ್ಬುರೇಟರಿಗೆ ಅಭಿಷೇಕ ಮಾಡಿ, ಒಮ್ಮೆಯಂತೂ ಫ್ಯಾನಿಗೆ ಹಾರಿ ಪ್ರಾಣ ಕಳೆದುಕೊಂಡಿತ್ತು. ಆಗ ಮಾವನವರು ಏನೂ ಹೇಳುತ್ತಿರಲಿಲ್ಲ. ಹೆಂಡತಿ ಹೇಳುತ್ತಿದ್ದಳು.

"ಏನೇ ಅನ್ನಿ, ನನ್ನ ತಂಗಿ ಗಂಡನ ಕೈಗುಣವೇ ಕೈಗುಣ."

ಈ ಒಂದು ವಾಕ್ಯ ಗ್ರಂಥಪಾಲಕರ ಹೊಟ್ಟೆಯಲ್ಲಿ ಕೊಳ್ಳಿ ಇಡುತ್ತಿತ್ತು. ಷಡ್ಡಕನ ಹಲ್ಲು ಬಿಳಿ, ಹೊಟ್ಟೆಯುರಿ. ಷಡ್ಡಕನ ಅಂಗಿ ಗರಿಗರಿ, ಹೊಟ್ಟೆಯುರಿ. ಬೆಳಿಗ್ಗೆ ಎದ್ದು ಹಲ್ಲುಜ್ಜಲು ಹೋದರೆ ಬ್ರಷ್ ಕೂಡ ಷಡ್ಡಕನೇ ಕೊಟ್ಟದ್ದು! ದಿನದ ಮೊದಲ ಹೊಟ್ಟೆಕಿಚ್ಚು ಬಾಯಿ ತೊಳೆಯುವ ಮುಂಚೆಯೇ ಶುರು.

ಹೀಗಿರುವಾಗ ಮಾವನವರು ಒಂದು ಘೋಷಣೆ ಮಾಡಿದರು. "ಆ ಮನೆ ಈ ಮನೆ ಅಂತ ಕಾರನ್ನ ಅಲೆಸಿದ್ದು ಸಾಕು. ಈ ಒಂದು ಸುತ್ತು ಇಬ್ಬರ ಕೈಗೂ ಕೊಟ್ಟು ನೋಡ್ತೀನಿ. ಯಾರ ಕೈಯಲ್ಲಿ ಇಂಜಿನ್ ಚೆನ್ನಾಗಿರುತ್ತೋ ಕಾರು ಖಾಯಮ್ಮಾಗಿ ಅವರದ್ದು."

ಅದರ ಫಲವೇ ಆ ಮೀಸೆಯ ಶಪಥ. ಗ್ರಂಥಪಾಲಕರಿಗೆ ಕಾರಿನ ಮೇಲೆ ಪ್ರೇಮವೇನೂ ಇರಲಿಲ್ಲ. ಷಡ್ಡಕನಿಗೆ ಹೋಗಬಾರದು, ಅಷ್ಟೆ. ಮೊದಲ ಸರದಿ ಅವರದೇ. ಈ ಸಲ ಅವರು ಸ್ವಂತ ಬುದ್ಧಿಯನ್ನು ದೂರವಿಟ್ಟು ಕಾರನ್ನು ಒಬ್ಬ ಹಳೆಯ ಮೆಕ್ಯಾನಿಕ್ಕನ ಕೈಗೊಪ್ಪಿಸಿದರು. ಅವನು ವಾಲ್ವುಗಳನ್ನು ತಳ್ಳುವ ಟ್ಯಾಪೆಟ್ಟುಗಳ ಸಂದು ಸರಿ ಮಾಡಿದ, ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಕೊನೆಗೆ ಅದರ ಎರಡು ಪುಟ್ಟ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸಿ ಹದಕ್ಕೆ ತಂದ. ಶನಿವಾರ ಸಂಜೆ ಮನೆಯ ಮುಂದೆ ಪರೀಕ್ಷೆ ನಡೆಯಿತು. ಲೋಟ ಇಟ್ಟರು. ನೀರು ಅಲುಗಲಿಲ್ಲ! ಮಾವನವರು ಕಣ್ಣು ಮುಚ್ಚಿದರು, ತಲೆ ವಾಲಿಸಿದರು, ಮತ್ತು "ಹೂಂ ಹೂಂ" ಎಂದರು.

ಎರಡು ಹೂಂ! ಷಡ್ಡಕನಿಗೆ ಯಾವತ್ತೂ ಒಂದರ ಮೇಲೆ ಸಿಕ್ಕಿರಲಿಲ್ಲ. ಗ್ರಂಥಪಾಲಕರು ಅಂದು ರಾತ್ರಿ ಊಟ ಹೆಚ್ಚು ಮಾಡಿದರು, ಹೆಂಡತಿಗೆ ತಾವೇ ನೀರು ತಂದುಕೊಟ್ಟರು, ನಾಳೆಯಿಂದ ಮೀಸೆ ಬಿಟ್ಟರೆ ಹೇಗಿದ್ದೀತು ಎಂದು ಕನ್ನಡಿಯಲ್ಲಿ ನೋಡಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅವರೂ ಸುಖವಾಗಿರುತ್ತಿದ್ದರು, ನಾವೂ ಸುಖವಾಗಿರುತ್ತಿದ್ದೆವು. ಆದರೆ ಹೊಟ್ಟೆಕಿಚ್ಚು ಭಾನುವಾರವೂ ರಜೆ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಬ್ರಷ್ ಬಾಯಿಗಿಟ್ಟ ಕೂಡಲೇ ಗ್ರಂಥಪಾಲಕರಿಗೆ ಹೊಳೆಯಿತು. ಇವತ್ತು ಕಾರು ಷಡ್ಡಕನ ಕೈಗೆ ಹೋಗುತ್ತದೆ. ಯಾವ ಕಾರು? ನಾನು ಓಡಾಡಿ, ಮೆಕ್ಯಾನಿಕ್ಕನ ಮುಂದೆ ಸ್ಟೂಲಿನ ಮೇಲೆ ದಿನಗಟ್ಟಲೆ ಕೂತು ಹದ ಮಾಡಿಸಿದ ಕಾರು! ಅದೇ ಹದದಲ್ಲಿ ಅರ್ಧ ವರ್ಷ ಮೆರೆದು, ಅದೇ ನೀರಿನಲ್ಲಿ ಮುಖ ನೋಡಿಕೊಂಡು, ಅವನೂ ಎರಡು ಹೂಂ ಗಿಟ್ಟಿಸಿಕೊಂಡರೆ? ದುಡಿದವನು ಒಬ್ಬ, ಉಂಡವನು ಇನ್ನೊಬ್ಬ!

ಬಾಯಿಯ ನೊರೆ ಉಗುಳುವಷ್ಟರಲ್ಲಿ ತೀರ್ಮಾನವಾಗಿಹೋಗಿತ್ತು. ಕೆಡಿಸುವುದಲ್ಲ, ಛೆ, ಅಂಥ ಹೀನ ಕೆಲಸ ಅವರು ಮಾಡುವವರಲ್ಲ. ಹದವನ್ನು ವಾಪಸ್ಸು ತೆಗೆದುಕೊಳ್ಳುವುದು, ಅಷ್ಟೆ. ನಮ್ಮ ವಸ್ತು ನಾವು ತೆಗೆದುಕೊಂಡರೆ ತಪ್ಪೇನು?

ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಹೊಲಿಗೆ ಯಂತ್ರದ ಡಬ್ಬಿಯಿಂದ ಪುಟ್ಟ ಸ್ಕ್ರೂಡ್ರೈವರ್ ಎತ್ತಿಕೊಂಡು ಬಂದು ಬಾನೆಟ್ ಎತ್ತಿದರು. ಮೆಕ್ಯಾನಿಕ್ ತಿರುಗಿಸಿದ್ದ ಎರಡು ಸ್ಕ್ರೂಗಳು ಕಂಡವು. ಯಾವುದು ಯಾವುದಕ್ಕೆ ಎಂದು ಗೊತ್ತಿರಲಿಲ್ಲ, ಎರಡನ್ನೂ ತಿರುಗಿಸಿದರು. ಎಷ್ಟು ತಿರುಗಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಇಂಜಿನ್ ಓಡುತ್ತಿರಬೇಕು. ಆದರೆ ಸ್ಟಾರ್ಟ್ ಮಾಡಿದರೆ ಹೆಂಡತಿಗೆ ಕೇಳಿಸುತ್ತದೆ! ಹೀಗಾಗಿ ನಮ್ಮ ಗ್ರಂಥಪಾಲಕರು ಸತ್ತಂತೆ ಮಲಗಿದ್ದ ಇಂಜಿನ್ನಿನ ಸ್ಕ್ರೂಗಳನ್ನು ಅಂದಾಜಿನ ಮೇಲೆ ತಿರುಗಿಸಿದರು. ಸ್ನಾನದ ಮನೆಯ ಚಿಲಕದ ಸದ್ದಾದಾಗ ಗಾಬರಿಯಲ್ಲಿ ಇನ್ನೊಂದೆರಡು ಸುತ್ತು ಹೆಚ್ಚೇ ಹೋಯಿತು. ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಪತ್ರಿಕೆ ಹಿಡಿದು ಕೂತರು. ತಲೆಕೆಳಗಾಗಿ ಹಿಡಿದಿದ್ದರು ಎಂದು ಆಮೇಲೆ ಗೊತ್ತಾಯಿತು.

ಹೊತ್ತೇರಿದ ಮೇಲೆ ಷಡ್ಡಕ ಬಂದರು, ಜೊತೆಗೆ ಅವರ ಹೆಂಡತಿ, ಅಂದರೆ ಗ್ರಂಥಪಾಲಕರ ನಾದಿನಿ. ಹಿಂದೆಯೇ ಮಾವನವರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು!

"ತಗೊಳ್ಳಿ ಡಾಕ್ಟ್ರೇ, ಕೀ" ಎಂದು ಗ್ರಂಥಪಾಲಕರು ಕರ್ಣನ ಗತ್ತಿನಲ್ಲಿ ಕೈ ಚಾಚಿದರು.

"ಅವಸರ ಏನು? ಕೀ ನಿಮ್ಮ ಹತ್ರಾನೇ ಇರ್ಲಿ" ಎಂದರು ಮಾವನವರು. "ಇವತ್ತು ಪಂಪ್‌ಹೌಸಿನಲ್ಲಿ ನನ್ನ ಜೊತೆ ಕೆಲಸ ಮಾಡಿದೋರೆಲ್ಲ ಸೇರ್ತಾ ಇದಾರೆ. ದೊಡ್ಡಳಿಯಂದ್ರು ಈ ಇಂಜಿನ್ನಿಗೆ ಹೇಗೆ ಜೀವ ತುಂಬಿದಾರೆ ಅಂತ ಅವರಿಗೆಲ್ಲ ಕೇಳಿಸ್ಬೇಕು. ನೀವೇ ಓಡಿಸಿ. ಎಲ್ಲರೂ ಹೋಗೋಣ!"

ಮದುವೆಯಾದಾಗಿನಿಂದ ಮಾವನವರು ಅಷ್ಟು ದೊಡ್ಡ ಹೊಗಳಿಕೆ ಆಡಿದ್ದೇ ಇಲ್ಲ. ಗ್ರಂಥಪಾಲಕರಿಗೆ ಬಿಸಿತುಪ್ಪ ಬಾಯಲ್ಲಿಟ್ಟಂತಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಮಾವ, ಪೆಟ್ರೋಲ್ ಕಮ್ಮಿ ಇದೆಯೇನೋ..."

"ನಿನ್ನೆ ತಾನೇ ಪೂರ್ತಿ ತುಂಬಿಸಿದ್ರಲ್ಲ?" ಎಂದಳು ಹೆಂಡತಿ. ಬೇಡದ ಹೊತ್ತಿನಲ್ಲಿ ನಿಜ ಹೇಳುವುದು ಹೆಂಡತಿಯರಿಗೆ ಹೇಗೆ ಸಾಧ್ಯವಾಗುತ್ತದೋ!

ಮಾವನವರು ಮುಂದೆ ಕೂತರು. ಅಕ್ಕತಂಗಿಯರು ಮತ್ತು ಡಾಕ್ಟರು ಹಿಂದೆ. ಗ್ರಂಥಪಾಲಕರು ಕಣ್ಣು ಮುಚ್ಚಿ ಕೀ ತಿರುಗಿಸಿದರು. ಇಂಜಿನ್ ಕೆಮ್ಮಿತು, ಉಬ್ಬಸ ಬಂದವರಂತೆ ಎಳೆದಾಡಿತು, ಕೊನೆಗೆ ಇಡೀ ಕಾರನ್ನು ಜಾಡಿಸುತ್ತ ಎದ್ದಿತು. ಹಿಂದಿನಿಂದ ಹೊರಟ ಕರಿ ಹೊಗೆಗೆ ಎದುರುಮನೆಯವರು ಒಣಗಲು ಹಾಕಿದ್ದ ಬಟ್ಟೆಗಳನ್ನು ಲಗುಬಗೆಯಿಂದ ಎತ್ತಿಕೊಂಡು ಒಳಗೋಡಿದರು. ಮಾವನವರ ಮುಖದ ಮೇಲಿದ್ದ ನಗು ಅಲ್ಲಿಯೇ ನಿಂತಿತು.

"ಬೆಳಗಿನ ಚಳಿ ಮಾವ, ಬಿಸಿಯಾದ್ಮೇಲೆ ಸರಿಹೋಗುತ್ತೆ."

ಬಿಸಿಯಾಯಿತು, ಸರಿಹೋಗಲಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದಿರುವವರೆಗೆ ಓಡುವುದು, ಕಾಲು ತೆಗೆದರೆ ಪ್ರಾಣ ಬಿಡುವುದು. ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ಹಿಂದಿನ ಬಸ್ಸಿನವನು ಹಾರನ್ ಬಿಡದೆ ಒತ್ತಿದ. ಆಟೋದವನೊಬ್ಬ ಪಕ್ಕಕ್ಕೆ ಬಂದು, "ಸಾರ್, ಕಾರು ಓಡಿಸ್ತಿದೀರೋ, ಸೊಳ್ಳೆ ಓಡಿಸ್ತಿದೀರೋ?" ಎಂದು ಕೇಳಿ ಹೋದ. ನಾದಿನಿ ಮೂಗಿಗೆ ಸೆರಗು ಒತ್ತಿಕೊಂಡಳು. ಮಾವನವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಹಾಗೆ ಕಣ್ಣು ಮುಚ್ಚಿದಷ್ಟೂ ಗ್ರಂಥಪಾಲಕರ ಬೆನ್ನಿನಲ್ಲಿ ಬೆವರು ಇಳಿಯಿತು.

"ಅಣ್ಣ, ನಾನು ಒಂಚೂರು ಬಾನೆಟ್ ಎತ್ತಿ ನೋಡ್ಲಾ?" ಎಂದು ಹಿಂದಿನಿಂದ ಷಡ್ಡಕ ಮೆಲ್ಲಗೆ ಕೇಳಿದರು.

"ಬೇಡ!" ಗ್ರಂಥಪಾಲಕರ ಕಿರುಚಾಟಕ್ಕೆ ಹೆಂಡತಿ ಬೆಚ್ಚಿಬಿದ್ದಳು.

"ಅಯ್ಯೋ, ನೋಡ್ಲಿ ಬಿಡ್ರಿ. ಅವರ ಕೈಗುಣ..."

"ನನಗೂ ಎರಡು ಕೈ ಇದೆ!"

ಸ್ಕ್ರೂಗಳ ಮೇಲೆ ಹೊಚ್ಚಹೊಸ ಗೀರುಗಳಿದ್ದವಲ್ಲ! ಹಲ್ಲಿನಲ್ಲಿ ಸಾಸಿವೆ ಕಾಳಷ್ಟು ಹುಳುಕು ಹುಡುಕುವ ಮನುಷ್ಯನಿಗೆ ಅದು ಕಾಣದೆ ಇರುತ್ತದೆಯೇ? ಬಾನೆಟ್ ಎತ್ತಿದರೆ ಕಾರೂ ಹೋಯಿತು, ಮಾನವೂ ಹೋಯಿತು.

ಬ್ಯಾಂಕೊಂದರ ಮುಂದಿನ ಏರಿನಲ್ಲಿ ಕಾರು ಪೂರ್ತಿ ಕೈಕೊಟ್ಟಿತು. ಗ್ರಂಥಪಾಲಕರು "ಯಾರೂ ಇಳೀಬೇಡಿ!" ಎಂದು ಆಜ್ಞೆ ಮಾಡಿ ತಾವೊಬ್ಬರೇ ಇಳಿದು ಬಾನೆಟ್ಟಿನ ಮರೆಯಲ್ಲಿ ಅಡಗಿದರು. ಬೆಳಿಗ್ಗೆ ಮಾಡಿದ್ದನ್ನು ಈಗ ವಾಪಸ್ಸು ಮಾಡಿದರಾಯಿತು, ಅಷ್ಟೇ ತಾನೇ! ಆದರೆ ಎಡಕ್ಕೆ ತಿರುಗಿಸಿದ್ದೋ ಬಲಕ್ಕೋ? ಎರಡೂ ಒಂದೇ ಕಡೆಗೋ? ಚಿಲಕದ ಸದ್ದಾದ ಮೇಲೆ ಎಷ್ಟು ಸುತ್ತು? ಪುಸ್ತಕ ಎಲ್ಲಿಂದ ತೆಗೆದರೆ ಅಲ್ಲಿಯೇ ಇಡಿ ಎಂದು ಜೀವಮಾನವಿಡೀ ಓದುಗರಿಗೆ ಉಪದೇಶ ಮಾಡಿದ ಮನುಷ್ಯನಿಗೆ ಎರಡು ಸ್ಕ್ರೂಗಳ ಮೂಲಸ್ಥಾನ ನೆನಪಿರಲಿಲ್ಲ! ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಏನೂ ಪ್ರಯೋಜನವಾಗಲಿಲ್ಲ.

ಆಗ ಅವರ ಕಣ್ಣು ಪ್ಲಗ್ಗಿನ ವೈರುಗಳ ಮೇಲೆ ಬಿತ್ತು. ಕಿಡಿಯೇ ಸರಿಯಾಗಿ ಬರುತ್ತಿಲ್ಲವೇನೋ! ಡಿಸ್ಟ್ರಿಬ್ಯೂಟರ್ ಎಂಬ ಮುಚ್ಚಳದಿಂದ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ವೈರು ಹೋಗುತ್ತವೆ. ಬುದ್ಧಿವಂತರು ಒಂದು ತೆಗೆದು, ಒರೆಸಿ, ಅಲ್ಲಿಯೇ ಹಾಕಿ ಮುಂದಿನದಕ್ಕೆ ಹೋಗುತ್ತಾರೆ. ಗ್ರಂಥಪಾಲಕರು ನಾಲ್ಕನ್ನೂ ಮುಚ್ಚಳದಿಂದ ಒಟ್ಟಿಗೆ ಕಿತ್ತು, ಕರವಸ್ತ್ರದಿಂದ ಒರೆಸಿ, ಆಮೇಲೆ ಯಾವುದು ಎಲ್ಲಿತ್ತು ಎಂದು ಯೋಚಿಸಿದರು. ಯೋಚಿಸುವುದೇನು ಬಂತು? ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು, ಮೂರರ ಪಕ್ಕ ನಾಲ್ಕು! ಅವರ ಕಪಾಟಿನಲ್ಲಿ ಒಂದನೆಯ ಸಂಪುಟದ ಪಕ್ಕ ಮೂರನೆಯದು ಕಂಡರೆ ಅಂದು ಸಿಬ್ಬಂದಿಗೆಲ್ಲ ಗ್ರಹಚಾರ. ಅಚ್ಚುಕಟ್ಟಾಗಿ, ಕ್ರಮಸಂಖ್ಯೆಯ ಪ್ರಕಾರ, ನಾಲ್ಕೂ ವೈರು ಜೋಡಿಸಿ ಹೆಮ್ಮೆಯಿಂದ ಬಂದು ಕೂತು ಕೀ ತಿರುಗಿಸಿದರು.

ಢಮಾರ್!

ಸೈಲೆನ್ಸರಿನಿಂದ ಬೆಂಕಿ ಬಂತೆಂದು ಕೆಲವರು, ಇಲ್ಲ ಬರೀ ಹೊಗೆ ಎಂದು ಕೆಲವರು. ಬ್ಯಾಂಕಿನ ಕಾವಲುಗಾರ ಕಬ್ಬಿಣದ ಗೇಟು ಎಳೆದುಕೊಂಡು ಒಳಗೆ ಸೇರಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತ. ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದುಹೋದವು. ಗ್ರಂಥಪಾಲಕರು ಹಟ ಬಿಡದೆ ಇನ್ನೊಮ್ಮೆ ತಿರುಗಿಸಿದರು. ಢಮಾರ್, ಢಮ್!

"ಸಾಕು, ಇಳೀರಿ" ಎಂದರು ಮಾವನವರು, ಕಣ್ಣು ಬಿಡದೆ. "ಚಿಕ್ಕಳಿಯಂದ್ರೇ, ನೀವು ನೋಡಿ."

ಡಾಕ್ಟರು ಅಂಗಿಯ ತೋಳು ಮಡಚಿ, ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು, ರೋಗಿಯ ಬಾಯಿಗೆ ಬಗ್ಗುವಂತೆ ಬಾನೆಟ್ಟಿನೊಳಗೆ ಬಗ್ಗಿದರು. "ಹಾಂ... ಹಾಂ... ಅಯ್ಯೋ ಪಾಪ" ಎಂದರು. "ಅಣ್ಣ, ವೈರುಗಳನ್ನ ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿದೀರಲ್ಲ! ಇದರಲ್ಲಿ ಕಿಡಿ ಹೋಗೋದು ಒಂದು, ಮೂರು, ನಾಲ್ಕು, ಆಮೇಲೆ ಎರಡಕ್ಕೆ."

"ಅದ್ಯಾವ ಸೀಮೆ ಲೆಕ್ಕ?"

"ಪಿಸ್ಟನ್ನುಗಳು ಸಾಲಾಗಿ ಒದ್ರೆ ಇಂಜಿನ್ ನಡುಗುತ್ತೆ, ಅದಕ್ಕೇ" ಎಂದರು ಮಾವನವರು. "ಅದು ನಿಮ್ಮ ಲೈಬ್ರರಿ ಅಲ್ಲ, ಅಳಿಯಂದ್ರೇ."

ಡಾಕ್ಟರು ವೈರು ಬದಲಿಸಿದರು. ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಮಸಿ ಹಿಡಿದು ಕರ್ರಗಾಗಿದ್ದವು. "ಪೆಟ್ರೋಲ್ ಅತಿಯಾಗಿ ನುಗ್ತಾ ಇದೆ" ಎನ್ನುತ್ತ ಒಂದೊಂದನ್ನೇ ಉಜ್ಜಿ ಬೆಳ್ಳಗೆ ಮಾಡಿದರು. ಆಮೇಲೆ ಟಾರ್ಚಿನ ಬೆಳಕು ಕಾರ್ಬುರೇಟರಿಗೆ ಹೋಯಿತು. ಗ್ರಂಥಪಾಲಕರು ಒಂದು ಹೆಜ್ಜೆ ಹಿಂದೆ ಸರಿದರು.

"ಇಲ್ನೋಡಿ, ಈ ಸ್ಕ್ರೂಗಳನ್ನ ಯಾರೋ ಈಗೀಗ ತಿರುಗಿಸಿದಾರೆ. ಗೀರು ಇನ್ನೂ ಹೊಸದು."

"ಆ ಮೆಕ್ಯಾನಿಕ್ ಇರಬೇಕು!" ಯಾರೂ ಕೇಳುವ ಮೊದಲೇ ಗ್ರಂಥಪಾಲಕರು ಹೇಳಿಬಿಟ್ಟರು. "ಹೇಳಿದ್ದೆ ನಾನು, ಅವನ ಮೇಲೆ ನಂಬಿಕೆ ಇಲ್ಲ ಅಂತ..."

"ನಿನ್ನೆ ಸಂಜೆ ಲೋಟ ಅಲುಗ್ಲಿಲ್ಲ" ಎಂದರು ಮಾವನವರು. "ಮೆಕ್ಯಾನಿಕ್ ರಾತ್ರಿ ಕನಸಲ್ಲಿ ಬಂದು ತಿರುಗಿಸಿದ್ನಾ?"

"ಅಲ್ಲಾ ರೀ" ಎಂದು ಹೆಂಡತಿ ಬಾಯಿ ತೆರೆದಳು. ಕುಂಬಳಕಾಯಿ ಕಳ್ಳನ ಕೈ ತಾನಾಗಿಯೇ ಹೆಗಲಿಗೆ ಹೋಗುವಂತೆ ಗ್ರಂಥಪಾಲಕರ ಕೈ ಅಂಗಿಯ ಜೇಬಿಗೆ ಹೋಯಿತು. "ನನ್ನ ಮೆಷಿನ್ ಸ್ಕ್ರೂಡ್ರೈವರ್ ಬೆಳಿಗ್ಗೆಯಿಂದ ಕಾಣ್ತಾ ಇಲ್ಲ... ಅದೇನದು ನಿಮ್ಮ ಜೇಬಲ್ಲಿ, ಕೆಂಪು ಹಿಡಿ?"

ರಸ್ತೆಯಲ್ಲಿ ಸೇರಿದ್ದವರೆಲ್ಲ ಜೇಬು ನೋಡಿದರು. ಕೈ ಎತ್ತಿ ನಿಂತಿದ್ದ ಸೈಕಲ್ಲಿನವನೂ ಕೈ ಇಳಿಸಿ ನೋಡಿದ.

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ನಾನೇ ಮಾವ" ಎಂದರು ಗ್ರಂಥಪಾಲಕರು. "ನಾನು ಹದ ಮಾಡಿಸಿದ್ದು ಇವರ ಪಾಲಾಗುತ್ತಲ್ಲ ಅಂತ... ಹೊಟ್ಟೆ ಉರೀತು. ಮಾಡಿಬಿಟ್ಟೆ." ಹೇಳಿದ ಮೇಲೆ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಷಡ್ಡಕ ಬಯ್ಯಲಿಲ್ಲ, ನಗಲಿಲ್ಲ. ಮರುಕದಿಂದ ನೋಡಿದರು. ಆ ಒಳ್ಳೆಯತನ ಕಂಡು ಇಷ್ಟರಲ್ಲೂ ಇವರಿಗೆ ಒಂದಿಷ್ಟು ಹೊಟ್ಟೆ ಉರಿಯಿತು.

ಡಾಕ್ಟರು ಸ್ಕ್ರೂಗಳನ್ನು ಹದಕ್ಕೆ ತಂದು ಇಂಜಿನ್ ಎಬ್ಬಿಸಿದರು. ಸದ್ದೇ ಇಲ್ಲ! ನಾಲ್ಕು ಅಣ್ಣತಮ್ಮಂದಿರೂ ಜಗಳ ಮರೆತು ದುಡಿಯುತ್ತಿದ್ದರು. ಮಾವನವರು ತುಸು ಹೊತ್ತು ಕೇಳಿ ಕಣ್ಣು ತೆರೆದರು.

"ತೀರ್ಮಾನ ಮಾಡಿಬಿಟ್ಟೆ. ಮುಂದಿನ ಸರದೀನೂ ಬೇಡ, ಪರೀಕ್ಷೇನೂ ಬೇಡ. ಕಾರು ಖಾಯಮ್ಮಾಗಿ..."

ಗ್ರಂಥಪಾಲಕರು ತಲೆ ತಗ್ಗಿಸಿದರು.

"...ದೊಡ್ಡಳಿಯಂದ್ರದ್ದೇ."

"ಹಾಂ?" ಎಂದಳು ಹೆಂಡತಿ. ಗ್ರಂಥಪಾಲಕರು ತಗ್ಗಿಸಿದ ತಲೆಯನ್ನು ಥಟ್ಟನೆ ಎತ್ತಿದರು.

"ಹೌದು. ಚಿಕ್ಕಳಿಯಂದ್ರಿಗೆ ಕೊಟ್ರೆ ಇವರು ಕಾಂಪೌಂಡ್ ಹಾರಿಯಾದ್ರೂ ಹೋಗಿ ಸ್ಕ್ರೂ ತಿರುಗಿಸಿ ಬರ್ತಾರೆ. ಇಬ್ಬರಿಗೂ ಹಂಚಿದ್ರೂ ಅದೇ ಗತಿ. ಸ್ವಂತದ್ದಾದ್ರೆ ಮಾತ್ರ ಕೆಡಿಸೋಕೆ ಮನಸ್ಸು ಬರಲ್ಲ. ನನ್ನ ಕಾರು ಬದುಕಬೇಕು ಅಂದ್ರೆ ಇವರ ಹತ್ರಾನೇ ಇರಬೇಕು. ಪ್ರತಿ ಭಾನುವಾರ ಬಂದು ಕೇಳ್ತೀನಿ. ಹದ ತಪ್ಪಿರಬಾರದು!"

ಇಂಥ ಬಹುಮಾನ ಯಾರಿಗೂ ಬೇಡಪ್ಪ. ಆದರೂ ಗೆದ್ದೆನಲ್ಲ! ಗ್ರಂಥಪಾಲಕರು ಷಡ್ಡಕನ ಸೋತ ಮುಖವನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ಕದ್ದು ತಿರುಗಿದರು. ಷಡ್ಡಕನ ಮುಖ ಊರಿಗೆಲ್ಲ ಬೆಳಕಾಗುವಂತೆ ಅರಳಿತ್ತು!

"ಸದ್ಯ! ಬದುಕಿಕೊಂಡೆವು ಭಾವ!" ಎಂದು ನಾದಿನಿ ಕೈ ಮುಗಿದೇಬಿಟ್ಟಳು. "ವಾರವೆಲ್ಲ ಜನರ ಬಾಯೊಳಗೆ ತಲೆ, ಭಾನುವಾರ ಆಯ್ತು ಅಂದ್ರೆ ಈ ಇಂಜಿನ್ನಿನ ಬಾಯೊಳಗೆ ತಲೆ. ಅಪ್ಪನಿಗೆ ಬೇಜಾರಾಗುತ್ತೆ ಅಂತ ಇವರು ಬಾಯಿ ಬಿಡ್ತಿರ್ಲಿಲ್ಲ, ಅಷ್ಟೆ. ಮದುವೆಯಾದ್ಮೇಲೆ ಒಂದು ಭಾನುವಾರಾನೂ ನಾವು ಜೊತೆಯಾಗಿ ಆಚೆ ಹೋಗಿಲ್ಲ!"

ಮುಂದಿನ ಭಾನುವಾರ ಗ್ರಂಥಪಾಲಕರು ಮನೆಯ ಮುಂದೆ ಬಾನೆಟ್ಟಿನೊಳಗೆ ಸೊಂಟದವರೆಗೆ ಹೊಕ್ಕಿದ್ದರು. ಕೈ ಮಸಿ, ಮೂಗು ಮಸಿ, ಅಂಗಿಯ ಮೇಲೆ ಎಣ್ಣೆಯ ಭೂಪಟ. ಟ್ಯಾಪೆಟ್ಟು ಟಿಕಟಿಕ ಎನ್ನುತ್ತಿತ್ತು, ಮಾವನವರು ಬರುವ ಹೊತ್ತಾಗಿತ್ತು. ಆಗ ರಸ್ತೆಯಲ್ಲಿ ಷಡ್ಡಕ ಮತ್ತು ನಾದಿನಿ ಕಂಡರು. ಗರಿಗರಿ ಬಿಳಿ ಅಂಗಿ, ಕೈಯಲ್ಲಿ ಐಸ್‌ಕ್ರೀಮ್, ಯಾವ ಅವಸರವೂ ಇಲ್ಲ. ಏನೋ ಮಾತಾಡಿ ನಗುತ್ತ, ಇವರತ್ತ ಕೈ ಬೀಸಿ, ತಿರುವಿನಲ್ಲಿ ಮರೆಯಾದರು. ಗ್ರಂಥಪಾಲಕರು ಸ್ಪಾನರ್ ಹಿಡಿದುಕೊಂಡು ಆ ತಿರುವನ್ನೇ ನೋಡುತ್ತ ನಿಂತುಬಿಟ್ಟರು.

"ಅದ್ಯಾಕ್ರೀ ಮುಖ ಹಾಗೆ ಸಿಂಡರಿಸಿಕೊಂಡಿದೀರಿ?" ಹೆಂಡತಿ ಕಿಟಕಿಯಿಂದ ಕೇಳಿದಳು. "ಕಾರು ಪೂರ್ತಿ ನಿಮ್ಮದೇ ಆಯ್ತಲ್ಲ! ಇನ್ಯಾರನ್ನ ನೋಡಿ ಹೊಟ್ಟೆ ಉರ್ಕೊಳ್ತಾ ಇದೀರಿ?"

"ಕಾರಿಲ್ಲದೋರನ್ನ ನೋಡಿ ಕಣೇ!"